ಗೊದ್ದಗಳ ದಾಸೋಹ ಎತ್ತಂಗಡಿಯಾದದ್ದು

ಈ ಕತೆಯನ್ನು ಮೊದಲು ಹೇಳಿದವರು ಗಂಡಸಿ ಊರಿನ ಗಿಡ್ಡಮ್ಮನವರು. ೧೯೯೯ರ ಮಾಗಿಯ ಒಂದು ಸಂಜೆ, ಅಂಗಳದಲ್ಲಿ ಕೊಬ್ಬರಿ ಸುಲಿಯುತ್ತ ಕೂತಿದ್ದ ಹೆಂಗಸರಿಗೆ. ಬಾಣಾವರದ ಕಡೆ ಇದನ್ನು ದಾಳಿಂಬೆ ತೋಟದ ಕತೆಯೆಂದು ಹೇಳುವವರೂ ಇದ್ದಾರೆ. ಗಿಡ್ಡಮ್ಮನವರ ಬಾಯಲ್ಲಿ ಅದು ನಿಂಬೆ; ಇಲ್ಲಿಯೂ ನಿಂಬೆಯೇ.

ಸುವರ್ಣಮ್ಮನವರ ತೋಟದಲ್ಲಿ ತೆಂಗೆಲ್ಲ ಗಂಡ ಷಡಕ್ಷರಪ್ಪನವರದು. ಬೇಲಿಯ ಪಕ್ಕದ ನಿಂಬೆಸಾಲು ಮಾತ್ರ ಸುವರ್ಣಮ್ಮನವರದು. ಅತ್ತೆ ನೆಟ್ಟು ಬೆಳೆಸಿ, ಕೊನೆಗಾಲದಲ್ಲಿ ಸೊಸೆಯ ಕೈಗೆ ಒಪ್ಪಿಸಿ ಹೋದದ್ದು. ಮರಗಳ ಜೊತೆಗೆ ಒಂದು ನೇಮವನ್ನೂ ಒಪ್ಪಿಸಿದ್ದರು: ಪ್ರತಿ ಸೋಮವಾರ ಲಿಂಗಪೂಜೆಯಾದ ಮೇಲೆ, ಗೊದ್ದಗಳೆಂಬ ಆ ದಪ್ಪ ಕರಿ ಇರುವೆಗಳಿಗೆ ಒಂದು ಹಿಡಿ ಸಕ್ಕರೆ. ಮಠದಲ್ಲಿ ಮನುಷ್ಯರಿಗೆ ದಾಸೋಹ ನಡೆಯುವಂತೆ ಇಲ್ಲಿ ಆರು ಕಾಲಿನವರಿಗೆ ದಾಸೋಹ. ಅತ್ತೆ ನಿಂಬೆಯ ಬುಡದಲ್ಲಿ ಚೆಲ್ಲುತ್ತಿದ್ದರು. ಸೊಸೆಯೂ ಅಲ್ಲೇ ಚೆಲ್ಲುತ್ತ ಬಂದರು.

ಆ ವರ್ಷ ನಿಂಬೆಗೆ ಹಿಟ್ಟು ತಿಗಣೆ ಬಿತ್ತು. ರೆಂಬೆಯ ಕವಲಿನಲ್ಲಿ, ಕಾಯಿಯ ತೊಟ್ಟಿನಲ್ಲಿ, ಯಾರೋ ಒದ್ದೆ ಕೈಯಿಂದ ಅಕ್ಕಿಹಿಟ್ಟು ಮೆತ್ತಿ ಹೋದ ಹಾಗೆ. ಎಲೆಯ ಮೇಲೆ ಅಂಟು, ಅಂಟಿನ ಮೇಲೆ ಮಸಿ. ಔಷಧಿ ಹೊಡೆದರೆ, ಮೇಣದ ಹೊದಿಕೆಯೊಳಗಿನ ತಿಗಣೆ ಮಳೆಯಲ್ಲಿ ಕೊಡೆ ಹಿಡಿದವರಂತೆ ನಿಶ್ಚಿಂತೆಯಿಂದಿತ್ತು.

"ಉಗಾದಿಗೆ ಚಿಗುರಿದ್ರೆ ಸರಿ. ಇಲ್ದಿದ್ರೆ ಕಡಿಸಿ ತೆಂಗಿನ ಸಸಿ ಇಡ್ತೀನಿ ಕಣೇ," ಎಂದರು ಷಡಕ್ಷರಪ್ಪ.

"ನಿಮ್ಮವ್ವ ನೆಟ್ಟಿದ್ದು ಕಣ್ರೀ!"

"ನಮ್ಮವ್ವ ನಿಂಬೆಹಣ್ಣಿಗೆ ಅಂತ ನೆಟ್ಲು, ಹಿಟ್ಟಿಗಲ್ಲ."

ಸುವರ್ಣಮ್ಮ ಅರಸೀಕೆರೆಯ ಬಸ್ಸು ಹತ್ತಿದರು. ತೋಟಗಾರಿಕೆಯ ಅಧಿಕಾರಿ ಭೀಮರಾಜ್ ಎಂಬವರ ಮೇಜಿನ ಮೇಲೆ ಬಿಳಿಗಟ್ಟಿದ ರೆಂಬೆಯನ್ನೇ ಇಟ್ಟರು. ನೋಡಿದ ಅವರು, "ಇದಕ್ಕೆ ಕಣಜ ಬಿಡೋಣಮ್ಮ," ಎಂದರು.

ಕಣಜಕ್ಕಿಂತ ಮೊದಲು ಕಣಜದ ಸುದ್ದಿ ಊರು ಮುಟ್ಟಿತು. ರಾಗಿ ತುಂಬುವ ಕಣಜವೆಂದುಕೊಂಡ ಕೆಲವರು, ಸರ್ಕಾರ ಸುವರ್ಣಮ್ಮನಿಗೆ ಕಾಳು ಕೊಡುತ್ತದಂತೆ ಎಂದು ಹೊಟ್ಟೆಕಿಚ್ಚುಪಟ್ಟರು. ಷಡಕ್ಷರಪ್ಪನವರು ಮಾತ್ರ ಕಚ್ಚುವ ಕಣಜವೆಂದೇ ತಿಳಿದು, ಭೀಮರಾಜ್ ಬಂದ ದಿನ ಕಣ್ಣೆರಡು ಬಿಟ್ಟು ಉಳಿದೆಲ್ಲಕ್ಕೂ ಕಂಬಳಿ ಸುತ್ತಿಕೊಂಡು ನಿಂತರು. ಭೀಮರಾಜ್ ಗಾಜಿನ ಕೊಳವೆಯ ಬಾಯಿಂದ ಹತ್ತಿ ತೆಗೆದರು. ಎಳ್ಳುಕಾಳಿನ ಗಾತ್ರದ ಹಳದಿ ಜೀವಗಳು ಹೊರಬಿದ್ದು ಎಲೆಗಳ ನಡುವೆ ಕರಗಿಹೋದವು.

"ಇದಾ ಸಾರ್ ಕಣಜ? ನಮ್ಮನೆ ಕಣಜದಾಗಿರೋ ನುಸೀನೇ ಇದ್ಕಿಂತ ಜೋರಾಗೈತೆ!"

"ಮನುಷ್ಯರನ್ನ ಕಚ್ಚಲ್ಲ ಯಜಮಾನ್ರೇ. ತಿಗಣೆ ಮೈಯೊಳಗೆ ಮೊಟ್ಟೆ ಇಡುತ್ತೆ. ಮರಿ ಒಳಗಿಂದೊಳಗೇ ತಿಂದು ಮುಗಿಸಿ, ತೂತು ಕೊರ್ಕೊಂಡು ಆಚೆ ಬರುತ್ತೆ."

"ಮನೆ ಅಳಿಯ ಅನ್ನಿ," ಎಂದು ಷಡಕ್ಷರಪ್ಪ ಕಂಬಳಿ ಮಡಚಿದರು.

ಸಂಕ್ರಾಂತಿ ಬಂತು, ಹಿಟ್ಟು ಹಾಗೆಯೇ ಇತ್ತು. ಮತ್ತೆ ಬಂದ ಭೀಮರಾಜರ ಜೊತೆ ಸುವರ್ಣಮ್ಮ ಒಂದು ರೆಂಬೆಯನ್ನೇ ದಿಟ್ಟಿಸುತ್ತ ನಿಂತರು. ಕಣಜವೊಂದು ಬಂದು ಕೂತು, ಮೀಸೆಯಿಂದ ತಿಗಣೆಯನ್ನು ತಟ್ಟಿ ನೋಡಿತು. ಅಷ್ಟರಲ್ಲಿ ಗೊದ್ದವೊಂದು ದವಡೆ ತೆರೆದುಕೊಂಡು ನುಗ್ಗಿತು, ಕಣಜ ಹಾರಿಹೋಯಿತು. ಇನ್ನೊಂದು ಬಂತು, ಅದಕ್ಕೂ ಅದೇ ಮರ್ಯಾದೆ.

ಭೀಮರಾಜ್ ಬುಡದತ್ತ ಬಗ್ಗಿದರು. "ಇಲ್ಲಿ ಸಕ್ಕರೆ ಹಾಕೋರು ಯಾರಮ್ಮ?"

"ನಾನೇ ಕಣಪ್ಪ. ದಾಸೋಹ."

"ತಿಗಣೆ ಸುರಿಸೋ ಅಂಟು ಗೊದ್ದಕ್ಕೆ ಪಾಯಸ ಇದ್ದಂಗೆ. ಅದಕ್ಕೇ ತಿಗಣೆಗೆ ಕಾವಲು ಕಾಯ್ತವೆ. ನೀವು ಆ ಕಾವಲುಗಾರರಿಗೆ ಬುಡದಲ್ಲೇ ಮನೆ ಮಾಡಿಕೊಟ್ಟಿದೀರ. ಸಕ್ಕರೆ ನಿಲ್ಲಿಸಿಬಿಡಿ."

"ಅತ್ತೆಗೆ ಮಾತು ಕೊಟ್ಟೀನಿ. ದಾಸೋಹ ನಿಲ್ಸು ಅಂತೀಯಲ್ಲಪ್ಪ, ಬಾಯಿಗೆ ಹೆಂಗಾದ್ರೂ ಬತ್ತದೆ ಈ ಮಾತು?"

ಭೀಮರಾಜ್ ತಲೆ ಕೆರೆದುಕೊಂಡು ಹೋದರು. ಸುವರ್ಣಮ್ಮನವರಿಗೆ ಅನ್ನ ರುಚಿಸಲಿಲ್ಲ. ನೇಮ ಬಿಟ್ಟರೆ ಅತ್ತೆಯ ಮಾತು ಹೋಗುತ್ತದೆ. ಬಿಡದಿದ್ದರೆ ಅತ್ತೆಯ ಮರಗಳೇ ಹೋಗುತ್ತವೆ. ಹೀಗೆ ತೊಳಲುತ್ತಿರುವಾಗ ಮಠದ ಸೂರು ಸೋರಿದ ವರ್ಷ ನೆನಪಾಯಿತು. ಆಗ ದಾಸೋಹ ಶಾಲೆಯ ಜಗಲಿಗೆ ಹೋಗಿತ್ತು. ಪಂಕ್ತಿ ತಪ್ಪಿತೆಂದು ಯಾರೂ ಅನ್ನಲಿಲ್ಲ. ಸಾರಿನ ವಾಸನೆ ಹಿಡಿದು ಜನ ಅಲ್ಲಿಗೇ ಹೋದರು. ಅತ್ತೆ ಹೇಳಿದ್ದು ಗೊದ್ದಗಳಿಗೆ ಹಾಕು ಎಂದು. ಎಲ್ಲಿ ಹಾಕಬೇಕೆಂದು ಹೇಳಿರಲೇ ಇಲ್ಲ!

ಮುಂದಿನ ಸೋಮವಾರ ಸುವರ್ಣಮ್ಮ ನಿಂಬೆಯ ಬುಡದಿಂದ ತೋಟದ ಆಚೆ ತುದಿಯ ಗಡಿಕಲ್ಲಿನವರೆಗೆ ಸಕ್ಕರೆಯ ಸಣ್ಣ ಎಳೆಯೊಂದನ್ನು ಎಳೆದು, ಅಲ್ಲಿ ರಾಶಿ ಸುರಿದರು. "ಬನ್ರವ್ವಾ, ಇವತ್ತಿಂದ ಪಂಕ್ತಿ ಆ ಕಡೆ," ಎಂದು ಕೈಮುಗಿದರು. ಕರೆಗೆ ಓಗೊಡದವು ಮತ್ತೆ ಮರ ಹತ್ತದಂತೆ, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಬಳಿದ ಬಟ್ಟೆಯನ್ನು ಪ್ರತಿ ಬೊಡ್ಡೆಗೂ ಸುತ್ತಿದರು.

ಷಡಕ್ಷರಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಆಫೀಸರುಗಳು ಎತ್ತಂಗಡಿ ಆಗಾದು ಕಂಡಿದ್ದೆ. ಗೊದ್ದದ್ದು ಇದೇ ಮೊದ್ಲು."

ಭೀಮರಾಜ್ ಇನ್ನೊಂದು ಕೊಳವೆ ಕಣಜ ತಂದು ಬಿಟ್ಟರು. ಈ ಸಲ ಓಡಿಸುವವರಿರಲಿಲ್ಲ. ದಿನ ಕಳೆದಂತೆ ತಿಗಣೆಗಳು ಉಬ್ಬಿ, ಕಂದಿ, ಹೊಟ್ಟಿನಂತೆ ಟೊಳ್ಳಾದವು. ಒಂದೊಂದರ ತುದಿಯಲ್ಲೂ ದುಂಡನೆಯ ತೂತು. ಉಗಾದಿಯ ಹಿಂದಿನ ದಿನ ಷಡಕ್ಷರಪ್ಪ ಯಾರಿಗೂ ಹೇಳದೆ ನಿಂಬೆಸಾಲಿಗೆ ಹೋದರು. ಎಲೆಗಳನ್ನು ಮಗುಚಿ ಮಗುಚಿ ಬಿಳಿ ಹುಡುಕಿದರು. ಸಿಕ್ಕಿದ್ದು ಉಗುರಿನಷ್ಟು ಎಳೆಯ ಚಿಗುರು, ಸಿಕ್ಕಿಬಿದ್ದದ್ದು ಹೆಂಡತಿಯ ಕಣ್ಣಿಗೆ.

"ಏನ್ರೀ ಹುಡುಕ್ತಿದೀರಿ?"

"ಏನಿಲ್ವೇ," ಎಂದು ಅವರು ಕೆಮ್ಮಿದರು. "ಆ ತೆಂಗಿನ ಸಸಿ ಬಾವಿ ಪಕ್ಕ ಇಟ್ರೆ ಹೆಂಗೆ ಅಂತ."

ಇಷ್ಟು ಹೇಳಿ ಗಿಡ್ಡಮ್ಮ ಕತೆ ಮುಗಿಸಿದರು. "ಗೊದ್ದಗಳು ಅಷ್ಟು ಸುಲಭಕ್ಕೆ ಹೋದ್ವಾ ಗಿಡ್ಡಮ್ಮಾ?" ಎಂದರು ಕೊಬ್ಬರಿ ಸುಲಿಯುತ್ತಿದ್ದ ಹೆಂಗಸರಲ್ಲೊಬ್ಬರಾದ ಸುಮಿತ್ರಮ್ಮ.

"ಕುಂತಲ್ಲೇ ಬಡಿಸ್ವಾಗ ಮರ ಹತ್ತಿ ದುಡಿಯಾಕೆ ಅವಕ್ಕೇನ್ ಹುಚ್ಚೇನವ್ವ?"

ಹೆಂಗಸರು ನಕ್ಕು, ಮಡಿಲಿನ ನಾರು ಕೊಡವಿ ಎದ್ದರು. ಸಂಜೆಯ ಸಾರು ಕುದಿಸಲು ಹೊತ್ತಾಯಿತೆಂದು ತಮ್ಮ ತಮ್ಮ ಮನೆಗಳತ್ತ ನಡೆದರು.