ದಬ್ಬಳದಲ್ಲಿ ಹೊಲಿದ ಕಥೆ

ಒಂದು ಕಾಲದಲ್ಲಿ ವಾರಪತ್ರಿಕೆ ಬಂದ ದಿನ ಈಶ್ವರಮ್ಮ ಒಲೆಯ ಮೇಲೆ ಅನ್ನಕ್ಕಿಟ್ಟು ಕತ್ತರಿ ಹಿಡಿದು ಕೂರುತ್ತಿದ್ದಳು. ಗುರುಬಸಪ್ಪನವರ ಧಾರಾವಾಹಿಯ ಪುಟಗಳನ್ನಷ್ಟೇ ಹುಷಾರಾಗಿ ಬಿಡಿಸಿಕೊಂಡು, ಉಳಿದದ್ದನ್ನು ಹಳೇ ಪೇಪರಿನವನಿಗೆ ಎತ್ತಿಡುವಳು. ಕೆರೆಯ ತಳದಲ್ಲೊಂದು ಊರು, ಅದಕ್ಕೆ ಮೀನುಗಳ ಕಾವಲು, ಅಂಥ ಕಥೆ. ಅಮ್ಮ ಓದಬೇಕು, ಎರಡನೇ ಕ್ಲಾಸಿನ ಮಗಳು ಶಾಂತಲಾ ಚಿತ್ರಗಳಿಗೆ ಬಣ್ಣ ಬಳಿಯಬೇಕು. ಯಡಿಯೂರು ಕೆರೆಯ ಪಕ್ಕ ಹಾದುಹೋದಾಗಲೆಲ್ಲ ಹುಡುಗಿ ನೀರಿನೊಳಗಿನವರಿಗೆ ಕೈಬೀಸುತ್ತಿದ್ದಳು. ಕಥೆ ಮುಗಿದಾಗ ಈಶ್ವರಮ್ಮ ಪುಟಗಳನ್ನು ದಬ್ಬಳದಲ್ಲಿ ಹೊಲಿದು, ರಟ್ಟಿಗೆ ತನ್ನ ಹಸಿರು ಸೀರೆಯ ತುಂಡು ಸುತ್ತಿದಳು. ಅದರ ಮೇಲೆ ಮಗಳು ತನ್ನ ಹೆಸರು ಬರೆದಳು.

ಅದೇ ಶಾಂತಲಾ ದೊಡ್ಡವಳಾಗಿ, ರಾಯಚೂರು ಕಡೆಯ ಮೌನೇಶನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಜಾತಿ ಬೇರೆಯೆಂದು ಅಪ್ಪ ಬೈಲಪ್ಪ ಬಾಗಿಲು ಹಾಕಿಕೊಂಡ. ಈಶ್ವರಮ್ಮ ಬಾಯಿ ಬಿಡಲಿಲ್ಲ. ಬಟ್ಟೆಬರೆ ಒಯ್ಯಲು ಬಂದ ದಿನ ಮಗಳು ಕೇಳಿದ್ದು ಆ ಪುಸ್ತಕವೊಂದನ್ನೇ. ಇಲ್ಲೇ ಇರಲಿ, ಬಂದಾಗ ಓದಿಕೊಳ್ಳುವೆಯಂತೆ ಎಂದು ಈಶ್ವರಮ್ಮ ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ಪುಸ್ತಕ ಇಲ್ಲಿದ್ದರೆ ಮಗಳು ಬಂದೇ ಬರುತ್ತಾಳೆ ಎನ್ನುವುದು ಅವಳ ಆಸೆ. ಎರಡು ವರ್ಷ ಕಳೆದರೂ ಶಾಂತಲಾ ಬಿಟಿಎಂ ಬಡಾವಣೆಯ ತನ್ನ ಮನೆಯಿಂದ ಈ ಕಡೆ ತಲೆ ಹಾಕಲಿಲ್ಲ.

ತೊಂಬತ್ತೆಂಟರಲ್ಲಿ ಗುರುಬಸಪ್ಪನವರು ತೀರಿಕೊಂಡು ವರ್ಷ ತುಂಬಿತು. ಜಯನಗರದಲ್ಲಿ ಅವರ ನೆನಪಿನ ಸಭೆ, ಜೊತೆಗೊಂದು ಪ್ರದರ್ಶನ. ಆ ಧಾರಾವಾಹಿ ಪುಸ್ತಕವಾಗಿರಲೇ ಇಲ್ಲ. ಪೂರ್ತಿ ಇರುವುದು ನಿಮ್ಮಲ್ಲಿ ಮಾತ್ರ ಆಂಟಿ ಎಂದು ಸಭೆ ನಡೆಸುವ ಓದುಗರ ಸಂಘದ ನರೇಂದ್ರ ಮನೆಗೇ ಬಂದು ಕೇಳಿದ. ಈಶ್ವರಮ್ಮ ಅಳೆದೂ ಸುರಿದೂ ಕೊಟ್ಟಳು. ಆಮೇಲೆ ಅಂಗಡಿಯ ಕಾಯಿನ್ ಫೋನಿನಿಂದ ಮಗಳ ಆಫೀಸಿಗೆ ಫೋನ್ ಮಾಡಿದಳು.

"ಭಾನುವಾರ ಬಾ ಪುಟ್ಟಿ. ಮೌನೇಶನ್ನೂ ಕರ್ಕೊಂಡ್ ಬಾ. ಸಭೆ ಮುಗಿದ್ಮೇಲೆ ಪುಸ್ತಕ ನಿನ್ ಕೈಗೇ ಕೊಡ್ತೀನಿ."

ಅಳಿಯನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನೋಡೋಣ ಎಂದಳು ಶಾಂತಲಾ.

ಭಾನುವಾರ ಈಶ್ವರಮ್ಮ ಡಬ್ಬಿ ತುಂಬ ಕೋಡುಬಳೆ ಕಟ್ಟಿಕೊಂಡು ಹೋದಳು. ಸಭಾಂಗಣದ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಯುದ್ದಕ್ಕೂ ಥರ್ಮಕೋಲು ಹಲಗೆಗಳು, ಅವುಗಳ ಮೇಲೆ ಅಂಟಿಸಿದ ಪುಟಗಳು. ಕಿತ್ತಳೆ ಮೀನು, ನೀಲಿ ರಾಣಿ, ಗೆರೆ ದಾಟಿದ ಹಸಿರು. ಪ್ರತಿ ಹಾಳೆಯ ಒಂದು ಮಗ್ಗುಲು ಗೋಂದಿಗೆ ಹೋಗಿತ್ತು. ಕಥೆಯಲ್ಲಿ ಅರ್ಧ ಇನ್ನು ಯಾರಿಗೂ ಓದಲು ಬರುವಂತಿರಲಿಲ್ಲ.

ನರೇಂದ್ರ ನಗುತ್ತಾ ಬಂದ. "ಸಖತ್ತಾಗಿದೆ ಅಲ್ವಾ ಆಂಟಿ? ಮಗು ಬಣ್ಣ ಹಾಕಿರೋದೇ ಹೈಲೈಟು. ರಾತ್ರಿಯೆಲ್ಲಾ ಕೂತು ಅಂಟಿಸಿದ್ವಿ."

ಅಷ್ಟರಲ್ಲಿ ನೀಲಿ ರಾಣಿಯ ಮುಂದೆ ಒಬ್ಬಳೇ ನಿಂತಿದ್ದ ಶಾಂತಲಾ ಕಣ್ಣಿಗೆ ಬಿದ್ದಳು. ಬಸುರಿ. ಏಳು ತಿಂಗಳಾದರೂ ಆಗಿರಬೇಕು. ಯಾರೂ ಹೇಳಿರಲಿಲ್ಲ.

"ಇದಕ್ಕೂ ನೀನೇ ಓದಿ ಹೇಳು ಅಂತ ಕೇಳಕ್ಕೆ ಬಂದೆ," ಎಂದಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು. "ನಾನು ಕೇಳಿದ್ರೆ ಬೀಗ ಹಾಕ್ದೆ. ಇವ್ರು ಕೇಳಿದ್ರೆ ಹರಿದು ಹಂಚಿಬಿಟ್ಟೆ."

"ಗೊತ್ತಿರ್ಲಿಲ್ಲ ಕಣೇ, ನಾನು..."

ಮೈಕಿನಲ್ಲಿ ಈಶ್ವರಮ್ಮನ ಹೆಸರು ಕೂಗಿದರು. ಹಿರಿಯ ಓದುಗರಿಗೆ ಸನ್ಮಾನವಂತೆ. ಇಬ್ಬರು ಹೆಂಗಸರು ಬಂದು ಪ್ರೀತಿಯಿಂದಲೇ ತೋಳು ಹಿಡಿದು ವೇದಿಕೆಗೆ ನಡೆಸಿಕೊಂಡು ಹೋದರು. ಶಾಲು ಹೊದಿಸಿ, ಹಾರ ಹಾಕಿ, ಗುರುಬಸಪ್ಪನವರ ಕಥೆಗಳನ್ನು ಉಳಿಸಿದ ತಾಯಿ ಎಂದರು. ಚಪ್ಪಾಳೆ ಬಿತ್ತು. ಹಾರದ ಮೇಲಿಂದ ಅವಳು ಬಾಗಿಲನ್ನೇ ನೋಡುತ್ತಿದ್ದಳು. ಶಾಂತಲಾ ಒಂದು ಕೈ ಸೊಂಟಕ್ಕೆ ಕೊಟ್ಟು ಮೆಟ್ಟಿಲಿಳಿದು ಹೋದಳು.

ಕೋಡುಬಳೆ ಡಬ್ಬಿ ಕುರ್ಚಿಯ ಕೆಳಗೇ ಉಳಿಯಿತು. ಹೊರಡುವಾಗ ನರೇಂದ್ರ ಓಡಿಬಂದು ಕೈಗೊಂದು ಪೊಟ್ಟಣ ಕೊಟ್ಟ. "ಆಂಟಿ, ರಟ್ಟು ಹುಷಾರಾಗಿ ಎತ್ತಿಟ್ಟಿದ್ದೆ."

ಹಸಿರು ಸೀರೆಯ ರಟ್ಟು, ಒಳಗೆ ತುಂಡಾದ ದಾರಗಳು. ಮನೆಗೆ ಬಂದ ಈಶ್ವರಮ್ಮ ಶಾಲನ್ನು ಬಾಗಿಲಿಗೆ ನೇತುಹಾಕಿ, ರಟ್ಟನ್ನು ಟ್ರಂಕಿನಲ್ಲಿಟ್ಟು, ರೂಢಿಯಂತೆ ಬೀಗ ಹಾಕಿದಳು. ಬೈಲಪ್ಪ ಊಟಕ್ಕೆ ಕಾಯುತ್ತಿದ್ದ.