ಮಾಳಿಗೆ ಮೇಲೆ ಪತಂಗ, ಕ್ಷಮಿಸಿ, ಪಲಂಗ

೧

ಎಲ್ಲಿಂದ ಶುರು ಮಾಡಲಿ ಹೇಳಿ. ಹಳೇ ಕಾನೂನಿನ ಕಥೆ ಅಂದ ಕೂಡಲೇ ನೀವು ಆಕಳಿಸಿದ್ದು ನನಗೆ ಕಾಣಿಸಿತು. ನಾಚಿಕೊಳ್ಳಬೇಡಿ, ಬರೆಯಲು ಕೂತ ನಾನೂ ಆಕಳಿಸಿದ್ದೇನೆ.

ಮೊದಲ ಕರಡು: 'ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ನಿಜಾಮರ ಕಾಲದ ಇನ್ನೂರ ಹದಿನಾರು ಕಾನೂನುಗಳನ್ನು ಒಂದೇ ಮಸೂದೆಯಲ್ಲಿ ರದ್ದು ಮಾಡುವ ಕೆಲಸ ಭರದಿಂದ ಸಾಗಿತ್ತು.' ಹೊಡೆದು ಹಾಕಿದೆ. ಇದು ಕಥೆಯಲ್ಲ, ಪತ್ರಿಕಾ ಪ್ರಕಟಣೆ. (ಆದರೂ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

ಎರಡನೆಯ ಕರಡು: 'ಚಾರ್‌ಮಿನಾರಿನ ಹಿಂದೆ ಸೂರ್ಯ...' ಅಷ್ಟರಲ್ಲಿ ಕಥಾನಾಯಕಿ ಖಮರುನ್ನಿಸಾ ಬೇಗಂ ನನ್ನ ಪೆನ್ನು ಹಿಡಿದುಕೊಂಡರು.

"ನಕ್ಕೋ ಸಾಬ್, ಬೇಡ! ಮೂವತ್ತು ವರ್ಷ ಈ ಊರಲ್ಲಿದ್ದೂ ಟೂರಿಸ್ಟ್ ಥರ ಬರೀತೀರಲ್ಲ. ನನ್ನ ಟೇಬಲ್ಲಿಂದ ಶುರು ಮಾಡಿ."

೨

ಅಪ್ಪಣೆಯಾಯಿತು. ಟೇಬಲ್ಲು.

ಖಮರುನ್ನಿಸಾ ಆ ಕಚೇರಿಯ ಉರ್ದು ಅನುವಾದಕಿ. ಹಳೆಯ ಕಾನೂನುಗಳೆಲ್ಲ ಉರ್ದುವಿನಲ್ಲಿವೆ. ಯಾವುದನ್ನು ರದ್ದು ಮಾಡಬೇಕೆಂದು ಸಾಹೇಬರಿಗೆ ತಿಳಿಯಬೇಕಾದರೆ ಆಕೆ ಅದನ್ನು ಇಂಗ್ಲಿಷಿಗೆ ಇಳಿಸಿ, ಕೆಳಗೆ 'ಸರಿಯಾದ ಅನುವಾದ' ಎಂದು ಸಹಿ ಹಾಕಬೇಕು. ಮೂವತ್ತೊಂದು ವರ್ಷದಲ್ಲಿ ಆ ಸಹಿಯ ಮೇಲೆ ಒಬ್ಬನೂ ಬೆರಳು ತೋರಿಸಿಲ್ಲ. ಏಪ್ರಿಲ್‌ನಲ್ಲಿ ನಿವೃತ್ತಿ. 'ಖಮರ್ ಆಪಾ ಸಹಿ ಬಿತ್ತಾ? ಹಾಗಾದ್ರೆ ಮುಗೀತು' ಅನ್ನುವ ಮಾತು, ಕಚೇರಿಗೆಲ್ಲ ಆಪಾ, ಅಂದರೆ ಅಕ್ಕ, ಆಗಿದ್ದ ಅವರಿಗೆ ಪಿಂಚಣಿಗಿಂತ ದೊಡ್ಡದು.

ಬೆಳಗಿನ ಚಹಾಕ್ಕೆ ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತಾ ಅವರು ಸಾಯಲಿರುವ ಕಾನೂನುಗಳನ್ನು ಓದಿ ಬಿದ್ದು ಬಿದ್ದು ನಗುತ್ತಿದ್ದರು. ಅಳಿಯನಿಗೆ ಉಡುಗೊರೆಯಾಗಿ ಬಂದ ಆನೆಗೆ ರಹದಾರಿ. ಬಜಾರಿನಲ್ಲಿ ಸೀನುವ ಒಂಟೆಯ ಮಾಲೀಕನಿಗೆ ಎಚ್ಚರಿಕೆ.

("ಒಂಟೆ ಎಲ್ಲಿಂದ ಬಂತು? ಆನೆ ಇದೆ. ಒಂಟೆ ನೀವು ಸೇರಿಸಿದ್ದು." ಹೌದು, ಸಿಕ್ಕಿಬಿದ್ದೆ.)

೩

ರುಕ್ಮಾಬಾಯಿ ಬಂದಳು. ಧೂಲ್‌ಪೇಟೆಯಲ್ಲಿ ಗಾಳಿಪಟ ಕಟ್ಟುವವಳು. ಸಂಕ್ರಾಂತಿಯ ದಿನ ಅವಳ ಮಾಳಿಗೆಯ ಮೇಲೆ ಪಟದ ಪಂದ್ಯ, ನಲವತ್ತೊಂದು ವರ್ಷದಿಂದ ಒಮ್ಮೆಯೂ ತಪ್ಪಿಲ್ಲ. ಈ ಸಲ ಗಲಾಟೆ ತಡೆಯಲಾರದ ಪಕ್ಕದ ಮನೆಯವನು ಎಲ್ಲಿಂದಲೋ ಒಂದು ಕಾನೂನು ಕೆದಕಿ ತೆಗೆದು ಠಾಣೆಗೆ ಕೊಟ್ಟಿದ್ದ: 'ಮಾಳಿಗೆಗಳ ಮೇಲೆ ಪತಂಗ ನಿಷೇಧ ನಿಯಮ, ಫಸಲಿ ೧೩೩೧.' ಪತಂಗ ಅಂದರೆ ಉರ್ದುವಿನಲ್ಲಿ ಗಾಳಿಪಟ; ಫಸಲಿ ಅಂದರೆ ನಿಜಾಮರ ವರ್ಷಗಣನೆ, ನಮ್ಮ ಲೆಕ್ಕದಲ್ಲಿ ನೂರು ವರ್ಷ ದಾಟಿದ್ದು. ಕಾನೂನು ಬದುಕಿರುವವರೆಗೆ ಪರ್ಮಿಶನ್ ಇಲ್ಲ ಅಂದರು ಇನ್ಸ್‌ಪೆಕ್ಟರು. ರದ್ದತಿ ಮಸೂದೆ ಬರುವುದು ಮಾರ್ಚಿಗೆ. ಸಂಕ್ರಾಂತಿ ಇನ್ನು ಎಂಟು ದಿನಕ್ಕೆ.

"ನಮ್ಮಪ್ಪ ಶುರು ಮಾಡಿದ ಪಂದ್ಯ ಆಪಾ. ನನ್ನ ಕೈಯಲ್ಲಿ ನಿಂತೋಯ್ತು ಅಂದ್ರೆ ಗಲ್ಲಿಯಲ್ಲಿ ಮುಖ ಎತ್ಕೊಂಡು ಓಡಾಡೋದು ಹೆಂಗೆ? ಕೊಂದಾಕಿಬಿಡಿ ಅದನ್ನ."

"ಕೊಲ್ಲೋಳು ನಾನಲ್ಲಮ್ಮ. ನಾನು ಬರೀ ಹೆಣದ ಗುರುತು ಹಿಡಿಯೋಳು. ಕೊಡಿಲ್ಲಿ."

ಖಮರುನ್ನಿಸಾ ಇಂಗ್ಲಿಷ್ ಪ್ರತಿಯನ್ನು ಓದಿ ಹೇಳಿದರು: "ಮಾಳಿಗೆಯಂಚಿನಿಂದ ಮೂರು ಗಜದೊಳಗೆ ಪತಂಗ ಇರಕೂಡದು. ಇದ್ದಲ್ಲಿ ಅದರ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಕಟ್ಟತಕ್ಕದ್ದು."

ರುಕ್ಮಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾಲ್ಕೂ ಮೂಲೆಗೆ ಹಗ್ಗಾನಾ! ಹಂಗೆ ಕಟ್ಟಿದ್ರೆ ಪಟ ಹಾರ್ತದಾ? ಯಾವ ಪೆದ್ದಮುಂಡೇದು ಬರೆದಿದ್ದು ಇದನ್ನ?"

ಖಮರುನ್ನಿಸಾ ಹಾಳೆಯ ಕೆಳಗೆ ನೋಡಿದರು. ಸಹಿ ಅವರದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿನದು.

೩(ಅ)

ಮೂಲ ಪುಸ್ತಕ ತರಿಸಿದರು. ಪತಂಗ ಎಂಬ ಆ ಪದದ ನಡುವಿನ ಉರ್ದು ಅಕ್ಷರ ಉದ್ದ ಕಡ್ಡಿಯಾದರೆ ಪಲಂಗ್, ಅಂದರೆ ಮಂಚ. ಮೊಟುಕಾಗಿ, ತಲೆಯ ಮೇಲೆ ಎರಡು ಚುಕ್ಕೆ ಬಿದ್ದರೆ ಪತಂಗ್, ಅಂದರೆ ಗಾಳಿಪಟ. ಇಲ್ಲಿ ಕಡ್ಡಿಯ ಮೇಲರ್ಧ ಮಾಸಿಹೋಗಿತ್ತು. ಚುಕ್ಕೆ ಎರಡಿದ್ದವು. ಆಪಾ ಕರವಸ್ತ್ರದ ತುದಿಯನ್ನು ತುಸು ಒದ್ದೆ ಮಾಡಿ ಒರೆಸಿದರು. ಎರಡೂ ಎದ್ದು ಬಂದವು.

ನೊಣದ ಹಿಕ್ಕೆ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವರು ಮಂಚದ ಸಮೇತ ಬೀದಿಗೆ ಬೀಳದಿರಲೆಂದು ಯಾರೋ ಪುಣ್ಯಾತ್ಮ ಮಾಡಿದ ನಿಯಮ ಅದು. ಮೂಲದಲ್ಲಿದ್ದ ನಾಲ್ಕು 'ಪಾಯೆ' ಎಂದರೆ ಮಂಚದ ನಾಲ್ಕು ಕಾಲು. ಗಾಳಿಪಟಕ್ಕೆಲ್ಲಿಯ ಕಾಲು ಎಂದು ಅಂದಿನ ಹೊಸ ಹುಡುಗಿ ಅದನ್ನು ಮೂಲೆ ಮಾಡಿಬಿಟ್ಟಿದ್ದಳು. (ಕನ್ನಡಕ್ಕೆ ನಾನು ಅನುವಾದಿಸಿದ್ದರೆ ದೀಪಕ್ಕೆ ಮುತ್ತುವ ಹುಳವನ್ನೇ ನಿಷೇಧಿಸುತ್ತಿದ್ದೆ. ಆದ್ದರಿಂದ ನಗುವುದಿಲ್ಲ.)

೪ (ರದ್ದಾದ ಕರಡು)

ಆಕೆ ಪುಸ್ತಕ ಮುಚ್ಚಿದರು. ಏಪ್ರಿಲ್‌ನಲ್ಲಿ ಹಾರ ಹಾಕಿಸಿಕೊಂಡು, ಕಳಂಕವಿಲ್ಲದ ಹೆಸರಿನೊಂದಿಗೆ ಮನೆಗೆ ಹೋದರು. ರುಕ್ಮಾಬಾಯಿ ಒಂದು ವರ್ಷ ಕಾದಳು. ಶುಭಂ.

"ಏನಿದು?" ಎಂದರು ಖಮರುನ್ನಿಸಾ.

"ನಿಮ್ಮ ಮರ್ಯಾದೆ ಉಳಿಸ್ತಿದೀನಿ ಆಪಾ."

"ನನ್ನ ಮರ್ಯಾದೆ ನಿಮ್ಮ ಕೈಗೆ ಯಾರು ಕೊಟ್ರು? ಹೊಡೆದು ಹಾಕಿ!"

ಹೊಡೆದು ಹಾಕಿದೆ. ಅವರು ಪುಸ್ತಕ ಎತ್ತಿಕೊಂಡು ಅಧೀನ ಕಾರ್ಯದರ್ಶಿ ನರ್ಸಿಂಗರಾವ್ ಕೋಣೆಗೆ ಹೋದರು.

"ಮೇಡಂ, ಮಸೂದೆ ಪ್ರಿಂಟ್ ಆಗಿದೆ," ಎಂದರು ರಾವ್. "ಹೇಗೂ ಸಾಯೋ ಕಾನೂನು. ಪೋಸ್ಟ್‌ಮಾರ್ಟಂ ಯಾಕೆ? ಇಷ್ಟು ವರ್ಷದ ಹೆಸರು ನಿಮ್ಮದು."

"ಮಾರ್ಚಲ್ಲಿ ಸಾಯೋದು ಜನವರಿಯಲ್ಲೇ ಕಚ್ತಾ ಇದೆಯಲ್ಲ ರಾವ್‌ಗಾರು. ಅದಕ್ಕೆ ಹಲ್ಲು ಕಟ್ಟಿಸಿದವಳೇ ನಾನು."

ನಿಂತಲ್ಲೇ ಬರೆದರು: 'ಪತಂಗ್ ಅಲ್ಲ, ಪಲಂಗ್. ತಪ್ಪು ನನ್ನದು. ಚುಕ್ಕೆಗಳು ನೊಣದವು.' ಸಹಿ, ದಿನಾಂಕ.

ರಾವ್ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಯ್ಯೋ ಮೇಡಂ, ನಮ್ಮನೆ ಮಾಳಿಗೆ ಮೇಲೆ ಆರು ಮಂಚ ಇದೆ! ಒಂದಕ್ಕೂ ಕಾಲು ಕಟ್ಟಿಲ್ಲ!"

೫

ಈಗ ಅಂತ್ಯ. ನನ್ನ ಬಳಿ ಎರಡಿವೆ.

ಎರಡರಲ್ಲೂ ಆ ತಿದ್ದುಪಡಿ ಠಾಣೆ ತಲುಪಿ ಪರ್ಮಿಶನ್ ಸಿಗುತ್ತದೆ. ಮೊದಲನೆಯದರಲ್ಲಿ ಆಪಾ ಮಾತ್ರ ನಾಚಿಕೆಯಿಂದ ಮನೆಯಲ್ಲೇ ಉಳಿಯುತ್ತಾರೆ. ಗಂಭೀರವಾಗಿದೆ, ಬಹುಮಾನ ಬರಬಹುದು. ಎರಡನೆಯದರಲ್ಲಿ ಅವರು ಪಂದ್ಯಕ್ಕೆ ಹೋಗುತ್ತಾರೆ. ಓದುಗರೇ, ಯಾವುದು ಬೇಕೋ ಅದಕ್ಕೆ ಕೈ ಎತ್ತಿ ಅನ್ನುವಷ್ಟರಲ್ಲಿ ಅವರು ಹೋಗಿಯೇಬಿಟ್ಟಿದ್ದರು.

ಸಂಕ್ರಾಂತಿ. ಮಾಳಿಗೆಯ ಮೇಲೆ ಕಾಲಿಡಲು ಜಾಗವಿಲ್ಲ. ರುಕ್ಮಾಬಾಯಿ ಮೈಕು ಕಸಿದುಕೊಂಡಳು: "ಬನ್ನಿ ಬನ್ನಿ! ನೊಣದ ಹಿಕ್ಕೆಗೆ ಸರ್ಟಿಫಿಕೇಟ್ ಕೊಟ್ಟ ನಮ್ಮ ಖಮರ್ ಆಪಾ!" ಇಡೀ ಗಲ್ಲಿ ಹೋ ಎಂದು ನಕ್ಕಿತು. ಮೂವತ್ತೊಂದು ವರ್ಷ ಯಾವುದಕ್ಕೆ ಹೆದರಿದ್ದರೋ ಅದೇ ನಗು. ಆಪಾ ಎಲ್ಲರಿಗಿಂತ ಜೋರಾಗಿ ನಕ್ಕರು. ಬಂದೋಬಸ್ತಿಗೆ ಬಂದಿದ್ದ ಇನ್ಸ್‌ಪೆಕ್ಟರು ಅಂಚಿಗೆ ಒಂದು ಗಜದಲ್ಲಿದ್ದ ಮಂಚದ ಮೇಲೆ ಕೂತು ಎಳ್ಳುಂಡೆ ತಿನ್ನುತ್ತಿದ್ದರು. (ಸ್ಪಷ್ಟ ಅಪರಾಧ, ಮಾರ್ಚಿನವರೆಗೆ.)

ರುಕ್ಮಾಬಾಯಿ ದಾರವನ್ನು ಆಪಾ ಕೈಗೆ ಕೊಟ್ಟಳು. ಪಕ್ಕದ ಮಂಗಳಹಾಟ್ ಬಡಾವಣೆಯ ಕಡೆಯಿಂದ ಒಂದು ಕಪ್ಪು ಪಟ ಬಂದು ಅವರದಕ್ಕೆ ಸುತ್ತಿಕೊಂಡಿತು. "ಎಳೀರಿ ಆಪಾ, ಎಳೀರಿ! ಬಿಟ್ರೆ ಹೋಯ್ತು!" ಎಂದು ಮಾಳಿಗೆಯೆಲ್ಲ ಕೂಗಿತು.

ಇಲ್ಲಿ ಪಟ ಕತ್ತರಿಸಬೇಕು. ಅವರದೋ, ಇವರದೋ. ನಾನು ಪೆನ್ನೆತ್ತಿದೆ.

"ಸುಮ್ನಿರಿ ಸಾಬ್," ಎಂದರು ಖಮರುನ್ನಿಸಾ, ಕಣ್ಣು ಆಕಾಶದಲ್ಲೇ ನೆಟ್ಟು. "ಇವರು ಎಳೀರಿ ಅಂತಾರೆ. ನಾನು ದಾರ ಸಡಿಲ ಬಿಡ್ತೀನಿ. ತಪ್ಪಾದ್ರೆ ಆಗ್ಲಿ, ಒಂದಾಗಿದೆ, ಇನ್ನೊಂದಾಗ್ಲಿ!"

ಬಿಟ್ಟರು. ದಾರ ಸರ್ರನೆ ಓಡಿತು, ಪಟ ಹಾರುತ್ತಾ ಹೋಯಿತು, ಇನ್ನೂ ಹೋಗುತ್ತಿದೆ,