ನೀಲಿ ಹಲಗೆ

ನನ್ನ ಗಂಡ ಅಂಬ್ರೋಜ್‌ಗೆ ಕ್ರಾನ್ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಎಂಥ ತೊಂದರೆಯನ್ನೂ ಬಿಚ್ಚಿ ಹರಡಿ, ಒಂದೊಂದೇ ಭಾಗ ಒರೆಸಿದರೆ ಸರಿಹೋಗುತ್ತದೆಂದು ನಂಬಿದವನು. ಗಡಿಯಾರಕ್ಕೆ ಆ ಬುದ್ಧಿ ಸಾಕು. ನನ್ನ ಮಾವ ತೀರಿಕೊಂಡಾಗ ಜೇನುಪೆಟ್ಟಿಗೆಗಳ ಪಾಲಿಗೂ ಅದನ್ನೇ ಓಡಿಸಿದ. ಪ್ರತಿಯೊಂದನ್ನೂ ತೂಗಿ, ಚೂರೂ ಹೆಚ್ಚುಕಡಿಮೆಯಾಗದಂತೆ ಹಂಚಿದ. ಅವನ ತಮ್ಮ ತೀನೆಗೆ ಬೇಕಾಗಿದ್ದದ್ದು ತೂಕವಲ್ಲ, ಒಂದು ಪೆಟ್ಟಿಗೆ. ಅದರ ಮುಂದಿನ ನೀಲಿ ಹಲಗೆಯ ಮೇಲೆ ಮಾವ, ಕರಡಿಯ ಬೆನ್ನಟ್ಟುವ ಇಬ್ಬರು ಹುಡುಗರನ್ನು, ಅಂದರೆ ಇವರಿಬ್ಬರನ್ನೇ, ಬರೆದಿದ್ದರು. ಅದು ನಮ್ಮ ಪಾಲಿಗೆ ಬಂತು. ಅಲ್ಲಿಂದ ಮೂರು ವರ್ಷ, ಬೇಲಿಯಾಚೆಯ ತೀನೆ ಈಚೆಗೆ ಮುಖ ಹಾಕಲಿಲ್ಲ. ಅಣ್ಣತಮ್ಮಂದಿರ ಈ ಮೌನ ನನ್ನನ್ನು ತಿಂದುಹಾಕುತ್ತಿತ್ತು.

ಈ ಮೇ ತಿಂಗಳಲ್ಲಿ ಅದೇ ಪೆಟ್ಟಿಗೆಯ ಜೇನು ಹಿಂಡುಕಟ್ಟಿ ಎದ್ದು, ತೀನೆಯ ಅಕ್ರೋಟ್ ಮರದ ತುದಿಕೊಂಬೆಗೆ ಜೋತುಬಿತ್ತು. ಸಂಜೆಯೊಳಗೆ ಇಳಿಸದಿದ್ದರೆ ಕಾಡುಪಾಲು. ಅಂಬ್ರೋಜ್ ಪೆನ್ಸಿಲು ಹಿಡಿದು ಕೂತ.

"ನಮ್ಮ ಏಣಿ ಅಷ್ಟೆತ್ತರ ಮುಟ್ಟುತ್ತೆ. ಕೆಳಗೆ ಬುಟ್ಟಿ ಹಿಡಿದು ಕೊಂಬೆ ಅಲ್ಲಾಡಿಸಿದ್ರೆ..."

"ಮರದ ಕೆಳಗೆ ನಿಂತಿದಾನಲ್ಲ ನಿನ್ನ ತಮ್ಮ, ಅವನನ್ನ ಯಾವ ಲೆಕ್ಕಕ್ಕೆ ಹಾಕ್ದೆ?"

ಪೆನ್ಸಿಲು ನಿಂತಿತು.

"ರೇಜ್ಕಾ, ಅವತ್ತು ನಾನು ತೂಕದಲ್ಲಿ ತಪ್ಪಿದ್ನಾ?"

"ತೂಕ ಸರಿಯಾಗೇ ಇತ್ತು ಮಾರಾಯ. ತಕ್ಕಡಿ ತಂದದ್ದೇ ತಪ್ಪು."

ಅವನು ಪೆನ್ಸಿಲು ಕೆಳಗಿಟ್ಟ. ಆಮೇಲೆ ಬುಟ್ಟಿಯೊಂದನ್ನೇ ಹಿಡಿದು ಹೊರಟ. "ಏಣಿ ಮರೆತ್ಯಲ್ಲೋ!" ಎಂದು ಕೂಗುತ್ತ ಹಿಂದೆ ಓಡಿದೆ. ಅವನು ತಿರುಗಿಯೂ ನೋಡದೆ ಬೇಲಿ ದಾಟಿದ.

"ನಿನ್ನ ಏಣಿ ಕೊಡ್ತೀಯಾ?" ಎಂದು ತಮ್ಮನನ್ನು ಕೇಳಿದ.

ನಮ್ಮ ಉದ್ದನೆಯ ಏಣಿ ಊರಿಗೆಲ್ಲ ಕಾಣುವಂತೆ ಗೋಡೆಗೆ ಒರಗಿತ್ತು. ತೀನೆ ಅದನ್ನು ನೋಡಿದ, ಅಣ್ಣನನ್ನು ನೋಡಿದ. ಒಳಗೆ ಹೋಗಿ ತನ್ನ ಏಣಿ ಹೊತ್ತು ತಂದ.

"ನೀನು ಕೆಳಗೆ ಹಿಡ್ಕೋ. ನಾನು ಹತ್ತುತ್ತೀನಿ. ನೀನು ಅಳೆದು ಸುರಿದು ಹತ್ತೋ ಹೊತ್ತಿಗೆ ಹಿಮ ಬೀಳುತ್ತೆ."

ಆ ಬೈಗುಳ ಕೇಳಿ ನನಗೆ ಅಳುವೇ ಬಂತು.

ಹಿಂಡು ಬುಟ್ಟಿಗಿಳಿಯಿತು. ತೀನೆಯ ಖಾಲಿ ಪೆಟ್ಟಿಗೆಯೊಂದಕ್ಕೆ ಅದನ್ನು ಸುರಿದರು. ಆಗ ಅಂಬ್ರೋಜ್ ಮನೆಗೆ ಬಂದು, ಗಡಿಯಾರದ ಸ್ಕ್ರೂಡ್ರೈವರ್ ತೆಗೆದುಕೊಂಡು ನಮ್ಮ ಪೆಟ್ಟಿಗೆಯ ನೀಲಿ ಹಲಗೆ ಬಿಚ್ಚಿದ. ಬರೀ ನಾಲ್ಕು ತಿರುಪು. ಅದನ್ನು ಒಯ್ದು ತಮ್ಮನ ಕೈಗಿಟ್ಟ.

"ಊರಿನ ಗಡಿಯಾರವನ್ನೆಲ್ಲ ಬಿಚ್ಚಿದೆ," ಎಂದ. "ಇದೂ ಬಿಚ್ಚೋಕೆ ಬರುತ್ತೆ ಅಂತ ಹೊಳೀಲೇ ಇಲ್ಲ ಕಣೋ."

ತೀನೆ ಹುಡುಗರ ಚಿತ್ರದ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ, ಹಲಗೆಯನ್ನು ಹಿಂಡು ಸೇರಿದ ತನ್ನ ಪೆಟ್ಟಿಗೆಯ ಮುಂದಕ್ಕೆ ಒತ್ತಿಟ್ಟ.

"ನನಗೂ ಹೊಳೀಲಿಲ್ಲ ಬಿಡು," ಎಂದ. "ಸರಿಯಾಗಿ ಹಿಡ್ಕೋ, ತಿರುಪು ನಾನು ಹಾಕ್ತೀನಿ."